ಹೊಲದ ಹೆಸರು, ಸರ್ವೆ ನಂಬರು

ಕಾವೇರಿಯಲ್ಲಿ ಒಬ್ಬ ಮನುಷ್ಯನಷ್ಟು ತೂಗಬಲ್ಲ ಮೀನೊಂದಿದೆ. ತಲೆ ಮುಗಿಯುತ್ತಿದ್ದಂತೆ ಅದರ ಬೆನ್ನು ಗೂನಾಗಿ ಮೇಲೇಳುತ್ತದೆ. ಈಜುರೆಕ್ಕೆಗಳಿಗೆ ಕಿತ್ತಳೆ ಬಣ್ಣದ ಛಾಯೆ, ಪಕ್ಕೆಯ ತುಂಬ ಒಂದರ ಮೇಲೊಂದು ಹೆಂಚು ಹೊದಿಸಿದಂತೆ ದೊಡ್ಡ ದೊಡ್ಡ ಹುರುಪೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಸಿಕ್ಕ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೊ ತೂಗಿತ್ತು. ಹೊಳೆಯಂಚಿನ ಜನ ಇದನ್ನು ಬಿಳಿಮೀನು ಎಂದರು, ಗಾಳದ ಹವ್ಯಾಸಕ್ಕೆಂದು ದೂರದಿಂದ ಬಂದವರು ಮಹಶೀರ್ ಎಂದರು. ಎಚ್.ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಬರೆದ ಕಾಲದಿಂದಲೂ ದಕ್ಷಿಣದ ನದಿಗಳ ಮಹಶೀರ್ ಗಾಳಗಾರರ ಲೋಕದಲ್ಲಿ ಹೆಸರುವಾಸಿ. ಇಷ್ಟಿದ್ದೂ ಕಾವೇರಿಯ ಈ ಗೂನುಬೆನ್ನಿನ ಮೀನಿಗೆ 2018ರ ತನಕ ಎಲ್ಲರೂ ಒಪ್ಪಿದ ವೈಜ್ಞಾನಿಕ ಹೆಸರು ಇರಲಿಲ್ಲ. ಪಂಡಿತರು ತಮ್ಮೊಳಗೆ ಬಗೆಹರಿಸಿಕೊಳ್ಳಲಿ ಎಂದು ಬಿಡಬಹುದಾದ ವಿಷಯ ಇದಾಗಿರಲಿಲ್ಲ. ಆ ಹೆಸರಿಲ್ಲದ ಕಾರಣಕ್ಕೆ ಮೀನು ಕಣ್ಣೆದುರೇ ಕಡಿಮೆಯಾಗುತ್ತ ಬಂದದ್ದು ಯಾವ ಪಟ್ಟಿಗೂ ಸೇರಲಿಲ್ಲ.

ನಡೆದದ್ದು ಹೀಗೆ. ಮಹಶೀರ್ ಎಂಬುದು ಒಂದು ಮೀನಿನ ಹೆಸರಲ್ಲ, ಹಿಮಾಲಯದಿಂದ ಕಾವೇರಿಯ ತನಕ ಹರಡಿರುವ ಹಲವು ಪ್ರಭೇದಗಳಿಗೆ ಒಟ್ಟಾಗಿ ಹೇಳುವ ಮಾತು. ಪುಣೆಯ ಮುಳಾ-ಮುಠಾ ನದಿಯಿಂದ 1839ರಲ್ಲಿ ಸೈಕ್ಸ್ ಎಂಬವರು ವರ್ಣಿಸಿದ ಟಾರ್ ಖುದ್ರಿ ಅವುಗಳಲ್ಲಿ ಒಂದು. ಅದು ಕೃಷ್ಣಾ ಕೊಳ್ಳದ ಮೀನು, ರೆಕ್ಕೆ ನೀಲಿ. ಲೋನಾವಳದಲ್ಲಿ ಅದರ ಮರಿ ಮಾಡುವ ಕೆಲಸ ಶುರುವಾಗಿ ಚೆನ್ನಾಗಿಯೇ ಕೈಗೂಡಿತು. ನದಿಗಳಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಳಕಳಿಯಿಂದ 1970ರ ದಶಕದಿಂದ ಆಚೆಗೆ ಆ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಬಿಟ್ಟವರ ಉದ್ದೇಶದಲ್ಲಿ ದೋಷವಿರಲಿಲ್ಲ. ಎರಡು ಮೀನುಗಳೂ ಒಂದೇ ಹೆಸರಿನಡಿ ನಿಂತಿದ್ದವು, ಕಡಿಮೆಯಾದದ್ದನ್ನು ತುಂಬುತ್ತಿದ್ದೇವೆ ಎಂದು ಅವರು ನಂಬಿದ್ದರು. ನೀಲಿ ರೆಕ್ಕೆಯದು ಕಾವೇರಿಯಲ್ಲಿ ಬೇರೂರಿತು, ಕಿತ್ತಳೆ ರೆಕ್ಕೆಯದು ಗಾಳಕ್ಕೆ ಸಿಗುವುದು ಅಪರೂಪವಾಯಿತು. ‘ಮಹಶೀರ್ ಎಷ್ಟಿದೆ’ ಎಂದು ಕೇಳಿದರೆ ಸಾಕಷ್ಟಿದೆ ಎಂಬ ಉತ್ತರವೇ ಸಿಗುತ್ತಿತ್ತು. ಸಂಶೋಧಕರು ಗಾಳದ ಶಿಬಿರಗಳ ಹಳೆಯ ದಾಖಲೆಗಳಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿ 2015ರಲ್ಲಿ ಪ್ರಕಟಿಸಿದಾಗ ಗೂನುಬೆನ್ನಿನ ಮೀನಿನ ಕುಸಿತ ನಿಚ್ಚಳವಾಗಿ ಕಂಡಿತು. ಆಗಲೂ ಅವರು ಅದನ್ನು ಬರೀ ‘ಟಾರ್ ಕುಲದ ಒಂದು ಪ್ರಭೇದ’ ಎಂದಷ್ಟೇ ಬರೆಯಬೇಕಾಯಿತು. ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪುಪಟ್ಟಿ ಪ್ರಭೇದವನ್ನು ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯವಾಗಿ ಅದರ ವೈಜ್ಞಾನಿಕ ಹೆಸರಿನ ಮೇಲೆ. ಕೊನೆಗೆ ಮೊಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನು ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೈ ಎಂಬ ಮೀನಿನೊಡನೆ ಹೋಲಿಸಿದರು. ಪಾಂಬಾರ್ ನೀರು ಅಮರಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಮೀನು ಎರಡೂ ಒಂದೇ ಎಂದು 2018ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೀನು ಕೆಂಪುಪಟ್ಟಿಯ ‘ತೀವ್ರ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿತು. ದಶಕಗಟ್ಟಲೆ ಆಗದ ಕೆಲಸ ಹೆಸರು ಸಿಕ್ಕ ಆರು ತಿಂಗಳೊಳಗೆ ಆಯಿತು.

ನಮ್ಮ ಹಳ್ಳಿಗಳಲ್ಲಿ ಹೊಲಕ್ಕೊಂದು ಹೆಸರಿರುತ್ತದೆ. ಹುಣಸೆಮರದ ಹೊಲ, ಕೆರೆಕೋಡಿ ಹೊಲ, ಅಜ್ಜಿಹೊಲ. ಮರ ಬಿದ್ದುಹೋಗಿ ಐವತ್ತು ವರ್ಷವಾದರೂ ಅದು ಹುಣಸೆಮರದ ಹೊಲವೇ. ಬುತ್ತಿ ತಂದುಕೊಡು ಎನ್ನಲು, ಎತ್ತು ಅಲ್ಲಿ ಮೇಯುತ್ತಿದೆ ಎನ್ನಲು ಆ ಹೆಸರು ಸಾಕು, ಅದಕ್ಕಿಂತ ಒಳ್ಳೆಯ ಹೆಸರು ಇರಲಾರದು. ಆದರೆ ಮಾರುವಾಗ, ಪಾಲಾಗುವಾಗ, ಬೆಳೆಸಾಲ ತೆಗೆಯುವಾಗ ಪಹಣಿಯಲ್ಲಿರುವ ಸರ್ವೆ ನಂಬರು ಬೇಕು, ಏಕೆಂದರೆ ಸುತ್ತಲ ಹತ್ತೂರಲ್ಲಿ ಒಂದೊಂದು ಹುಣಸೆಮರದ ಹೊಲ ಇದ್ದೀತು. ನಂಬರು ಬಂತೆಂದು ಯಾವ ಊರೂ ಹೊಲದ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಪ್ರಾಣಿಯ ಎರಡು ಹೆಸರುಗಳ ನಡುವೆ ಇರುವುದು ಇದೇ ಸಂಬಂಧ. ಲಿನಿಯಸ್‌ನ ‘ಸಿಸ್ಟೆಮಾ ನ್ಯಾಚುರೆ’ ಗ್ರಂಥದ 1758ರ ಹತ್ತನೆಯ ಆವೃತ್ತಿ ಪ್ರಾಣಿಗಳ ಹೆಸರಿಡುವ ಲೆಕ್ಕಕ್ಕೆ ಆರಂಭದ ಗೆರೆ. ಅಂದಿನಿಂದ ಕುಲಕ್ಕೊಂದು, ಪ್ರಭೇದಕ್ಕೊಂದು, ಹೀಗೆ ಎರಡು ಪದ. ಒಂದೇ ಪ್ರಾಣಿಗೆ ಇಬ್ಬರು ಹೆಸರಿಟ್ಟಿದ್ದರೆ ಮೊದಲು ಇಟ್ಟದ್ದು ನಿಲ್ಲುತ್ತದೆ. ಹೆಸರಿನ ಹಿಂದೆ ಯಾವುದಾದರೂ ಸಂಗ್ರಹಾಲಯದಲ್ಲಿ ಜೋಪಾನ ಮಾಡಿಟ್ಟ ಒಂದು ಮಾದರಿ ಇರಬೇಕು, ಸಂಶಯ ಬಂದವರು ಹೋಗಿ ಪಕ್ಕದಲ್ಲಿಟ್ಟು ನೋಡಬಹುದು. ಈ ನಿಯಮಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗ 1895ರಿಂದ ಇದೆ. ಜನರ ಬಾಯಲ್ಲಿರುವ ಹೆಸರಿಗೆ ಇಂಥ ಯಾವ ಆಯೋಗವೂ ಇಲ್ಲ, ಇರಬೇಕಾಗಿಯೂ ಇಲ್ಲ. ವೈಜ್ಞಾನಿಕ ಹೆಸರು ಬಂದರೆ ನಾಡಹೆಸರು ಸಾಯುತ್ತದೆ ಎಂಬ ಆತಂಕ ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ನನ್ನ ವಾದ ಇದಕ್ಕೆ ಉಲ್ಟಾ. ನಿಖರತೆಯ ಹೊರೆಯನ್ನು ವೈಜ್ಞಾನಿಕ ಹೆಸರು ಹೊತ್ತುಕೊಂಡರೆ ಪ್ರತಿಯೊಂದು ಊರಿನ ಹೆಸರೂ ತಾನಿದ್ದಂತೆ ಉಳಿಯಬಹುದು. ನಾಡಹೆಸರಿಗೆ ನಿಜವಾದ ಕುತ್ತು ಬರುವುದು ಮೂರನೆಯ ಒಂದು ಕಡೆಯಿಂದ, ಇಂಗ್ಲಿಷ್ ಹೆಸರಿನ ಅನುವಾದದಿಂದ.

ಮೊದಲು ನಿಖರತೆ ಏಕೆ ಬೇಕೆಂಬುದನ್ನು ಹಾವಿನಿಂದ ನೋಡೋಣ. ಭಾರತದಲ್ಲಿ 2000ದಿಂದ 2019ರ ವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು, ವರ್ಷಕ್ಕೆ ಸರಾಸರಿ 58,000. ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಲ್ಕು ಹಾವುಗಳ ವಿಷದಿಂದ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳಲ್ಲಿ ಎರಡರ ಹೆಸರಿನಲ್ಲಿ ಮಂಡಲ ಇದೆ. ಆದರೆ ಮಲೆನಾಡಿನಲ್ಲಿ, ಕೊಡಗಿನಲ್ಲಿ ಮಂಡಲ ಎನ್ನಿಸಿಕೊಳ್ಳುವ ಹಾವುಗಳು ಇನ್ನೂ ಹಲವು. ಮೂತಿಯ ತುದಿ ಮೇಲಕ್ಕೆ ಬಾಗಿದ, ತರಗೆಲೆಯ ಬಣ್ಣದ, ಗೇಣುದ್ದಕ್ಕಿಂತ ತುಸು ಉದ್ದದ ಒಂದು ಸಣ್ಣ ಹಾವಿದೆ. ಅದರ ವೈಜ್ಞಾನಿಕ ಹೆಸರು ಹಿಪ್ನೇಲ್ ಹಿಪ್ನೇಲ್. ತೋಟದಲ್ಲಿ ಎಲೆಯ ನಡುವೆ ಸುರುಳಿ ಸುತ್ತಿ ಬಿದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಇದು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕೆಡಬಹುದು, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ನಾಲ್ಕು ಹಾವಿನ ಪ್ರತಿವಿಷ ಇದರ ವಿಷಕ್ಕೆ ಕೆಲಸ ಮಾಡುವುದಿಲ್ಲ. ಕೇರಳದಲ್ಲಿ ಈ ಹಾವನ್ನು ಗರಗಸಮಂಡಲವೆಂದು ತಪ್ಪು ತಿಳಿದು ಪ್ರತಿವಿಷ ಕೊಟ್ಟ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಚ್ಚಿಸಿಕೊಂಡವರು ಮಂಡಲ ಎಂದದ್ದು ಸುಳ್ಳಲ್ಲ, ಆ ಒಂದು ಪದದಿಂದ ಚಿಕಿತ್ಸೆ ನಿರ್ಧಾರವಾಗುವುದಿಲ್ಲ ಅಷ್ಟೇ. ‘ಹಸಿರುಹಾವು’ ಎಂಬ ಮಾತೂ ಇದೇ ತರಹದ್ದು. ಮನುಷ್ಯರಿಗೆ ಅಪಾಯವಿಲ್ಲದ ಬಳ್ಳಿಯಂಥ ಹಾವಿಗೂ ವಿಷದ ಹಸಿರು ಮಂಡಲಕ್ಕೂ ಅದು ಒಂದೇ ಉಸಿರಿನಲ್ಲಿ ಸಲ್ಲುತ್ತದೆ.

ಇದರಿಂದ ನಾಡಹೆಸರು ಒರಟು, ಶಾಸ್ತ್ರದ ಹೆಸರು ಸೂಕ್ಷ್ಮ ಎಂದು ತೀರ್ಮಾನಿಸಿದರೆ ಅದೂ ತಪ್ಪು. ಕಾಳಿಂಗವನ್ನು ನೋಡಿ. ಇಂಗ್ಲಿಷಿನಲ್ಲಿ ಅದು ಕಿಂಗ್ ಕೋಬ್ರಾ, ಅಂದರೆ ಕೋಬ್ರಾಗಳಲ್ಲಿ ದೊಡ್ಡದು ಎಂಬ ಭಾವ. ಶಾಸ್ತ್ರದ ಪ್ರಕಾರ ಅದು ನಾಗರಹಾವಿನ ನಾಜಾ ಕುಲಕ್ಕೇ ಸೇರದು. ಅದರ ಕುಲದ ಹೆಸರು ಒಫಿಯೋಫಾಗಸ್, ಹಾವುಗಳನ್ನು ತಿನ್ನುವುದು ಎಂದರ್ಥ. ಕನ್ನಡದಲ್ಲಿ ನಾಗರ ಬೇರೆ, ಕಾಳಿಂಗ ಬೇರೆ. ಇಂಗ್ಲಿಷ್ ಕೂಡಿಸಿಟ್ಟದ್ದನ್ನು ನಮ್ಮ ಮಾತು ಮೊದಲಿನಿಂದಲೂ ಬೇರ್ಪಡಿಸಿಯೇ ಇಟ್ಟಿತ್ತು. ಕೊಳಕುಮಂಡಲ ಎಂಬ ಪದದಲ್ಲಿ ಬೆನ್ನ ಮೇಲಿನ ದುಂಡು ಗುರುತೂ ಇದೆ, ಕಚ್ಚಿದ ಜಾಗ ಕೊಳೆಯುತ್ತದೆ ಎಂಬ ಅನುಭವವೂ ಇದೆ. ಅದೇ ಹಾವಿನ ಶಾಸ್ತ್ರೀಯ ಹೆಸರಾದ ಡಬೋಯಾ ರಸೆಲಿಐ ಎಂಬುದರ ಎರಡನೆಯ ಪದ ಅದನ್ನು ವರ್ಣಿಸಿದ ಪ್ಯಾಟ್ರಿಕ್ ರಸೆಲ್‌ನನ್ನು ನೆನೆಯುತ್ತದೆ ಹೊರತು ಹಾವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಉತ್ತರ ಕನ್ನಡದ ತೊರೆಗಳಲ್ಲಿರುವ ಒಂದು ಸಣ್ಣ ಕಪ್ಪೆಯ ಗಂಡು, ಹೆಣ್ಣು ಇಟ್ಟ ಮೊಟ್ಟೆಗಳ ಮೇಲೆ ಮುಂಗಾಲಿನಿಂದ ಕೆಸರನ್ನು ತೆಗೆದು ತೆಗೆದು ಮೆತ್ತುತ್ತದೆ. 2014ರಲ್ಲಿ ಅದಕ್ಕೆ ನಿಕ್ಟಿಬ್ಯಾಟ್ರಕಸ್ ಕುಂಬಾರ ಎಂದು ಹೆಸರಿಟ್ಟರು. ಕಪ್ಪೆ ಮಾಡುವ ಕೆಲಸ ಕಂಡ ಕ್ಷಣ ಕನ್ನಡಿಗರ ಬಾಯಿಗೆ ಬರುವ ಪದವೇ ಅಲ್ಲಿ ಶಾಸ್ತ್ರದ ಹೆಸರಾಗಿ ಕೂತಿದೆ.

ನಾಡಹೆಸರಿನ ಮೇಲಿನ ಪ್ರೀತಿಯಲ್ಲಿ ಅದರ ತಪ್ಪನ್ನು ಮುಚ್ಚಿಡಲೂಬಾರದು. ಮಣ್ಣುಮುಕ್ಕ ಹಾವಿನ ಬಾಲ ಮೊಂಡಾಗಿ ತಲೆಯಂತೆಯೇ ಕಾಣುವುದರಿಂದ ಅದು ಇರ್ತಲೆ ಹಾವು, ಎರಡು ತಲೆ ಹಾವು ಎನ್ನಿಸಿಕೊಂಡಿತು. ಆ ಹೆಸರಿನ ಬೆನ್ನಿಗೆ ನಿಧಿ, ಅದೃಷ್ಟ, ಔಷಧಿಯ ಕಥೆಗಳು ಹುಟ್ಟಿ ಇಂದು ಈ ಬಡಪಾಯಿ ಹಾವನ್ನು ಚೀಲದಲ್ಲಿ ತುಂಬಿ ತೂಕದ ಲೆಕ್ಕದಲ್ಲಿ ಕದ್ದು ಮಾರುತ್ತಾರೆ. ಎರಿಕ್ಸ್ ಜಾನಿಐ ಎಂಬ ಹೆಸರಿನಲ್ಲಿ ಎರಡನೆಯ ತಲೆಗೆ ಜಾಗವಿಲ್ಲ. ಜಿಂಕೆ ಎಂದರೆ ಬಂಡೀಪುರದಲ್ಲಿ ಮೈಮೇಲೆ ಚುಕ್ಕೆಯಿರುವ ಪ್ರಾಣಿ, ರಾಣೆಬೆನ್ನೂರಿನ ಬಯಲಿನಲ್ಲಿ ಕೃಷ್ಣಮೃಗ. ಒಂದರ ಕವಲುಗೊಂಬು ಪ್ರತಿವರ್ಷ ಉದುರಿ ಹೊಸದು ಬರುತ್ತದೆ, ಇನ್ನೊಂದರ ತಿರುಚುಗೊಂಬು ಸಾಯುವ ತನಕ ಅದೇ. ನರಿ, ಗುಳ್ಳೆನರಿಗಳಲ್ಲಿ ಯಾವುದು ಯಾವ ಪ್ರಾಣಿ ಎಂದು ಇಬ್ಬರನ್ನು ಕೇಳಿದರೆ ಎರಡು ಉತ್ತರ ಬಂದೀತು. ಇವೆಲ್ಲಕ್ಕಿಂತ ದೊಡ್ಡ ಗೋಜಲು ಚೀತಾದ್ದು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕೂನೋಗೆ ಬಂದಾಗ ಚೀತಾ ಬೇರೆ, ಚಿರತೆ ಬೇರೆ ಎಂದು ಬಿಡಿಸಿ ಹೇಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರದ ಪುಸ್ತಕಗಳು ಚೀತಾದ ಕನ್ನಡ ಹೆಸರೆಂದು ಸಿವಂಗಿ ಎಂಬುದನ್ನು ಕೊಡುತ್ತವೆ. ಚಿರತೆಯನ್ನೂ ಸಿವಂಗಿ ಎಂದದ್ದುಂಟು. ಕಿರುಬ ಕೆಲವೆಡೆ ಕತ್ತೆಕಿರುಬ, ಕೆಲವೆಡೆ ಚಿರತೆ. ಅಂದಿನ ಇಂಗ್ಲಿಷರೂ ಬೇಟೆಗೆ ಪಳಗಿಸಿದ ಚೀತಾವನ್ನು ಲೆಪರ್ಡ್ ಎಂದೂ ಚಿರತೆಯನ್ನು ಚೀತಾ ಎಂದೂ ಕಲಸಿ ಬರೆದರು. ಹೀಗಾಗಿ ನಮ್ಮ ಬಯಲುಗಳಲ್ಲಿ ಚೀತಾ ಎಲ್ಲಿಯ ತನಕ ಓಡಾಡಿತ್ತು ಎಂದು ಹಳೆಯ ಕಾಗದಗಳಿಂದ ತಿಳಿಯಹೊರಟವರು ಪ್ರತಿ ಸಾಲಿಗೂ ನಿಂತು ಅನುಮಾನಿಸಬೇಕು. ಪಕ್ಕದಲ್ಲಿ ಎರಡು ಲ್ಯಾಟಿನ್ ಪದಗಳಿದ್ದಿದ್ದರೆ ಆ ಸಾಲುಗಳು ಇಂದು ಮಾತನಾಡುತ್ತಿದ್ದವು.

ಈಗ ಆ ಮೂರನೆಯ ಹೆಸರಿನ ಮಾತು. ಇಂಗ್ಲಿಷ್ ಪುಸ್ತಕ ಎದುರಿಗಿಟ್ಟುಕೊಂಡು ಬರೆಯುವಾಗ ಲಯನ್ ಟೇಲ್ಡ್ ಮಕಾಕ್ ಎಂಬುದು ಸಿಂಹಬಾಲದ ಕೋತಿಯಾಗುತ್ತದೆ, ವೈಲ್ಡ್ ಡಾಗ್ ಕಾಡುನಾಯಿಯಾಗುತ್ತದೆ. ಸಿಂಗಳೀಕ, ಸೀಳುನಾಯಿ, ಕೆನ್ನಾಯಿ ಎಂಬ ಪದಗಳು ಇದ್ದಲ್ಲೇ ಕೂತಿರುತ್ತವೆ. ಕಾಡುನಾಯಿ ಎಂದೊಡನೆ ಓದುಗರಿಗೆ ಕಾಡಂಚಿನಲ್ಲಿ ಅಲೆಯುವ ಬೀದಿನಾಯಿಯೂ ಕ್ಯುಆನ್ ಆಲ್ಪಿನಸ್ ಎಂಬ ನಿಜವಾದ ಕಾಡುಪ್ರಾಣಿಯೂ ಒಂದಾಗಿಬಿಡುತ್ತವೆ. ಮೊದಲನೆಯದು ವನ್ಯಜೀವಿಗೆ ಕಂಟಕ, ಎರಡನೆಯದು ಸ್ವತಃ ಅಳಿವಿನಂಚಿನ ವನ್ಯಜೀವಿ. ಅನುವಾದಿಸಿಕೊಳ್ಳುವ ಇಂಗ್ಲಿಷ್ ಹೆಸರಾದರೂ ಸರಿಯಿರುತ್ತದೆಯೇ? ಕಾಟಿಯನ್ನು ಇಂಡಿಯನ್ ಬೈಸನ್ ಎಂದರು, ಅದು ಅಮೆರಿಕದ ಬೈಸನ್ ಅಲ್ಲ. ಸಿಂಗಳೀಕಕ್ಕೆ ವಾಂಡರೂ ಎಂಬ ಹೆಸರು ಬಹುಕಾಲ ನಡೆಯಿತು, ಅದು ಸಿಂಹಳದ ಮುಸುವಗಳಿಗೆ ಸಲ್ಲುವ ಪದ, ತಪ್ಪಿ ನಮ್ಮ ಘಟ್ಟದ ಕೋತಿಗೆ ಅಂಟಿಕೊಂಡಿತ್ತು. ಇಂಥ ಹೆಸರನ್ನು ಕನ್ನಡಕ್ಕೆ ಇಳಿಸಿದರೆ ಅನ್ಯರ ತಪ್ಪೂ ನಮ್ಮದಾಗುತ್ತದೆ. ಅನುವಾದದ ಹೆಸರಿಗೆ ಸರ್ವೆ ನಂಬರಿನ ಖಚಿತತೆಯೂ ಇಲ್ಲ, ಹೊಲದ ಹೆಸರಿನ ನೆನಪೂ ಇಲ್ಲ. ಪಠ್ಯಪುಸ್ತಕದಲ್ಲಿ ಅಚ್ಚಾದ ಮೇಲೆ ಅದು ಊರಿನ ಪದವನ್ನು ‘ತಪ್ಪು’ ಮಾಡುತ್ತದೆ, ಮನೆಯಲ್ಲಿ ಅಜ್ಜ ಹೇಳುವ ಹೆಸರು ಪರೀಕ್ಷೆಯಲ್ಲಿ ಅಂಕ ತರುವುದಿಲ್ಲ ಎಂದು ಮಗು ಕಲಿಯುತ್ತದೆ.

ವೈಜ್ಞಾನಿಕ ಹೆಸರೂ ಬದಲಾಗುತ್ತಲೇ ಇರುತ್ತದಲ್ಲ, ಅದನ್ನು ನೆಚ್ಚಿಕೊಳ್ಳುವುದು ಹೇಗೆ ಎಂಬುದು ನ್ಯಾಯವಾದ ಆಕ್ಷೇಪ. ತುಮಕೂರು ಸೀಮೆಯ ಕಾಡುಪಾಪ ಬಹುಕಾಲ ಲೋರಿಸ್ ಟಾರ್ಡಿಗ್ರಾಡಸ್ ಆಗಿತ್ತು. ಆ ಹೆಸರು ಶ್ರೀಲಂಕಾದ ಪ್ರಭೇದಕ್ಕೆ ಮಾತ್ರ ಸಲ್ಲಬೇಕೆಂದು ತಿಳಿದ ಮೇಲೆ ನಮ್ಮದು ಲೋರಿಸ್ ಲಿಡೆಕೆರಿಯಾನಸ್ ಆಯಿತು. ಕಾಡುಪಾಪ ಮಾತ್ರ ಕಾಡುಪಾಪವಾಗಿಯೇ ಉಳಿಯಿತು. ಸ್ಥಿರತೆಯೊಂದೇ ಅಳತೆಗೋಲಾದರೆ ಇಲ್ಲಿ ಗೆದ್ದದ್ದು ನಾಡಹೆಸರು, ಒಪ್ಪಲೇಬೇಕು. ಆದರೆ ಶಾಸ್ತ್ರದ ಹೆಸರು ಬದಲಾಗುವುದು ಜಮೀನು ಪೋಡಿಯಾದಂತೆ. ಒಂದು ಸರ್ವೆ ನಂಬರು ಒಂದು, ಎರಡು ಎಂದು ಒಡೆದಾಗ ಹಳೆಯ ಕಡತ ಕಾಣೆಯಾಗುವುದಿಲ್ಲ, ಯಾವುದು ಯಾವುದರಿಂದ ಬಂತೆಂದು ಬರೆದಿಡುತ್ತಾರೆ. ಕಾಳಿಂಗದ ವಿಷಯದಲ್ಲಿ ಆದದ್ದು ಇದೇ. 1836ರಲ್ಲಿ ಕ್ಯಾಂಟರ್ ವರ್ಣಿಸಿದ ಒಫಿಯೋಫಾಗಸ್ ಹ್ಯಾನಾ ಎಂಬ ಒಂದೇ ಹೆಸರಿನಡಿ ಪಶ್ಚಿಮ ಘಟ್ಟದಿಂದ ಫಿಲಿಪ್ಪೀನ್ಸ್ ತನಕದ ಹಾವುಗಳೆಲ್ಲ ಇದ್ದವು. ಆಗುಂಬೆಯ ಕಾಳಿಂಗಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಡಿಎನ್‌ಎ, ಮೈಮೇಲಿನ ಪಟ್ಟೆ, ಹುರುಪೆಗಳ ಲೆಕ್ಕವನ್ನೆಲ್ಲ ತಾಳೆ ನೋಡಿ 2024ರಲ್ಲಿ ಅವು ನಾಲ್ಕು ಪ್ರಭೇದ ಎಂದು ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೋಫಾಗಸ್ ಕಾಳಿಂಗ. ಭಾರತದಲ್ಲಿ ಈ ಹಾವಿನ ಕಡಿತಕ್ಕೆಂದು ಪ್ರತಿವಿಷ ತಯಾರಾಗುವುದಿಲ್ಲ, ಸಿಗುವುದು ಥೈಲ್ಯಾಂಡಿನಲ್ಲಿ ಅಲ್ಲಿಯ ಹಾವಿನ ವಿಷದಿಂದ ಮಾಡಿದ್ದು. ಅಲ್ಲಿಯದೂ ಇಲ್ಲಿಯದೂ ಬೇರೆ ಬೇರೆ ಎಂದು ಗೊತ್ತಾದ ಮೇಲೆಯೇ ಆ ಮದ್ದು ಇಲ್ಲಿ ಎಷ್ಟರಮಟ್ಟಿಗೆ ಹಿಡಿಯುತ್ತದೆ ಎಂಬ ಪ್ರಶ್ನೆಗೆ ತೂಕ ಬರುತ್ತದೆ. ತಿಳಿವಳಿಕೆ ಬೆಳೆದಂತೆ ಹೆಸರೂ ಕದಲಿದರೆ ಅದು ದೋಷವೇನಲ್ಲ.

ಲ್ಯಾಟಿನ್ ನಮ್ಮದಲ್ಲ, ನಾಲಿಗೆ ಹೊರಳುವುದಿಲ್ಲ ಎನ್ನುವವರಿಗೆ ಒಂದು ಪದದ ಕಥೆ ಹೇಳಬೇಕು. ಕಟ್ಟುಹಾವಿನ ಕುಲದ ಹೆಸರು ಬಂಗಾರಸ್. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೋರಮಂಡಲ ತೀರದಲ್ಲಿ ಹಾವು ಸಂಗ್ರಹಿಸುತ್ತಿದ್ದ ಅದೇ ರಸೆಲ್ ಸ್ಥಳೀಯರು ಹೇಳಿದ ಹೆಸರನ್ನು ಹೇಳಿದಂತೆಯೇ ತನ್ನ 1796ರ ಗ್ರಂಥದಲ್ಲಿ ಬರೆದಿಟ್ಟ. ಹಳದಿ ಪಟ್ಟೆಯ ಹಾವಿಗೆ ತೆಲುಗರು ಬಂಗಾರದ ಹಾವು ಎನ್ನುತ್ತಿದ್ದರು. ಮುಂದೆ ಫ್ರಾನ್ಸಿನ ವಿದ್ವಾಂಸ ದೋದಾಂ ಆ ಪದವನ್ನೇ ಕುಲದ ಹೆಸರು ಮಾಡಿದ. ನಾಜಾ ಎಂಬುದರಲ್ಲಿ ನಾಗ ಇದೆ, ರೆಮಾದೇವಿಯೈ ಎಂಬುದರಲ್ಲಿ ನಮ್ಮದೇ ದೇಶದ ಮೀನುಶಾಸ್ತ್ರಜ್ಞೆಯೊಬ್ಬರ ಹೆಸರಿದೆ. ನಾಲಿಗೆಯ ಮಾತಿಗೆ ಬಂದರೆ, ಪಾರ್ಥೇನಿಯಂ, ಲಂಟಾನ, ಅಕೇಶಿಯಾ ಎಂಬ ಲ್ಯಾಟಿನ್ ಕುಲನಾಮಗಳನ್ನು ಒಂದು ಅಕ್ಷರ ಲ್ಯಾಟಿನ್ ಕಲಿಯದ ರೈತರು ದಿನಾ ಹೇಳುತ್ತಾರೆ. ಟೈರನೋಸಾರಸ್ ರೆಕ್ಸ್ ಎಂಬುದಕ್ಕೆ ಬೇರೆ ಹೆಸರೇ ಇಲ್ಲ, ಎಂಟು ವರ್ಷದ ಮಕ್ಕಳು ಅದನ್ನು ತಪ್ಪಿಲ್ಲದೆ ಉಚ್ಚರಿಸುತ್ತಾರೆ. ಅರ್ಥವಾಗುವುದಿಲ್ಲ ಎಂಬ ದೂರಿಗೂ ಉತ್ತರವಿದೆ: ಅರ್ಥ ಇರಲೇಬೇಕೆಂದಿಲ್ಲ. ಗೀಜಗದ ಶಾಸ್ತ್ರೀಯ ಹೆಸರು ಪ್ಲೋಸಿಯಸ್ ಫಿಲಿಪ್ಪಿನಸ್, ಫಿಲಿಪ್ಪೀನ್ಸ್ ಅದರ ತವರೇ ಅಲ್ಲ. ವ್ಯಾಪಾರಿಗಳು ಕಾಲು ಕತ್ತರಿಸಿ ಕಳಿಸಿದ ಒಣಚರ್ಮಗಳನ್ನು ಆಧರಿಸಿ ಲಿನಿಯಸ್ ಒಂದು ಸ್ವರ್ಗಪಕ್ಷಿಗೆ ‘ಕಾಲಿಲ್ಲದ್ದು’ ಎಂಬರ್ಥದ ಅಪೋಡ ಎಂಬ ಹೆಸರಿಟ್ಟ. ಇಂದಿಗೂ ಅದೇ ಹೆಸರು. ಸರ್ವೆ ನಂಬರಿಗೆ ಅರ್ಥ ಹುಡುಕುವವರುಂಟೇ?

ಪರಿಣತರು ಕೂತು ಒಂದೊಂದು ಪ್ರಾಣಿಗೂ ಒಂದೊಂದು ಅಧಿಕೃತ ಕನ್ನಡ ಹೆಸರು ಗೊತ್ತುಮಾಡಿದರೆ ಲ್ಯಾಟಿನ್‌ನ ಹಂಗೇ ಬೇಡವಲ್ಲ ಎಂಬ ಸಲಹೆ ಆಕರ್ಷಕವಾದದ್ದು. ಹಕ್ಕಿಗಳ ಮಟ್ಟಿಗೆ ಅದು ಒಂದಷ್ಟು ನಡೆಯುತ್ತದೆ, ಅಂಥ ಪಟ್ಟಿಗಳಿಂದ ಹಕ್ಕಿ ನೋಡುವವರಿಗೆ ಅನುಕೂಲವೂ ಆಗಿದೆ. ಆದರೆ ಬಯಲುಸೀಮೆಯ ಪದ ಅಧಿಕೃತವಾದರೆ ಮಲೆನಾಡಿನದು, ಕರಾವಳಿಯದು ಏನಾಗಬೇಕು? ಸೀಳುನಾಯಿ, ಕೆನ್ನಾಯಿಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಮರೆಯಬೇಕಾದ ಅಗತ್ಯವೇ ಇಲ್ಲ, ಕ್ಯುಆನ್ ಆಲ್ಪಿನಸ್ ಎಂಬ ಗೂಟಕ್ಕೆ ಎರಡನ್ನೂ ಕಟ್ಟಬಹುದು. ತುಳು, ಕೊಡವ, ಕೊಂಕಣಿ ಹೆಸರುಗಳನ್ನೂ ಅಲ್ಲೇ ಕಟ್ಟಬಹುದು. ಪತ್ರಿಕೆಯ ವರದಿಯಲ್ಲಿ, ಮೃಗಾಲಯದ ಫಲಕದಲ್ಲಿ, ಶಾಲೆಯ ಪಾಠದಲ್ಲಿ ಆ ಊರಿನ ಹೆಸರು ಮೊದಲು ಬರಲಿ, ಪಕ್ಕದಲ್ಲಿ ಒಮ್ಮೆ ಕನ್ನಡ ಲಿಪಿಯಲ್ಲೇ ವೈಜ್ಞಾನಿಕ ಹೆಸರು ಬರಲಿ. ಅದರಿಂದ ಆಚೆಗೆ ಲೇಖನದ ಉದ್ದಕ್ಕೂ ಊರಿನ ಪದವೇ ನಡೆಯಲಿ.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಹಾಗೆ ತುಂಬುವ ಪ್ರತಿ ನಮೂನೆಯಲ್ಲೂ ಹಾವಿಗೆಂದು ಎರಡು ಕಲಂ ಇರಬೇಕು. ಮೊದಲನೆಯದರಲ್ಲಿ ಕಚ್ಚಿಸಿಕೊಂಡವರು ಹೇಳಿದ ಪದ, ಅವರ ಬಾಯಿಂದ ಬಂದಂತೆಯೇ, ತಿದ್ದದೆ. ಎರಡನೆಯದರಲ್ಲಿ ಪ್ರಭೇದದ ಹೆಸರು, ಫೋಟೊ ನೋಡಿಯೋ ಲಕ್ಷಣ ನೋಡಿಯೋ ಗೊತ್ತಾಗಿದ್ದರೆ ಮಾತ್ರ. ನಾಲ್ಕಾರು ಮಳೆಗಾಲ ಕಳೆಯುವುದರೊಳಗೆ ಯಾವ ತಾಲೂಕಿನಲ್ಲಿ ಯಾವ ಪದ ಯಾವ ಹಾವನ್ನು ತೋರಿಸುತ್ತದೆ ಎಂಬುದು ಆ ಎರಡು ಕಲಂಗಳಿಂದಲೇ ತೆರೆದುಕೊಳ್ಳುತ್ತದೆ. ಬಿದ್ದ ಅಡಿಕೆ ಹೆಕ್ಕುವವರ ಬೆರಳಿನ ಪಕ್ಕ ತರಗೆಲೆಯಾಗಿ ಮಲಗಿರುವ ಹಿಪ್ನೇಲ್‌ಗೆ ಯಾವ್ಯಾವ ಊರಲ್ಲಿ ಏನೇನು ಹೆಸರಿದೆ ಎಂಬುದು ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರ ಕೈಲಿರಬೇಕು.